ಟಾರ್‌ನ ಸಾಕ್ಸ್ ಪೋರ್ಟ್: ತುಮಕೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಮಹಡಿ ಕೋಣೆಯಲ್ಲಿ ನಾನು ಭಾನುವಾರಗಳಂದು ಲಿನಕ್ಸ್ ಮತ್ತು ನೆಟ್‌ವರ್ಕಿಂಗ್ ಕಲಿಸುತ್ತೇನೆ. ಡಿಪ್ಲೊಮಾ ಓದುವ ಹುಡುಗ ಹುಡುಗಿಯರು, ವಕೀಲರ ಕಚೇರಿಯ ಗುಮಾಸ್ತರು, ಮಧುಗಿರಿ, ಶಿರಾ ಕಡೆಯ ವರದಿಗಾರರು ಬರುತ್ತಾರೆ. ಟಾರ್ ಪಾಠ ಮುಗಿದ ಮೇಲೆ ವಾರವಿಡೀ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೆಲವನ್ನು ಮೆಟ್ಟಿಲ ಬಳಿ ಕೇಳುತ್ತಾರೆ, ಕೆಲವನ್ನು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತ ಕೇಳುತ್ತಾರೆ, ಕೆಲವು ತಿಪಟೂರು, ಪಾವಗಡದಿಂದ ಪತ್ರದಲ್ಲಿ ಬರುತ್ತವೆ. ಸುತ್ತಿ ಬಳಸಿ ಎಲ್ಲವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಸಾಕ್ಸ್ ಪೋರ್ಟ್ ಎಂಬ ಬಾಗಿಲನ್ನು ಎಲ್ಲಿ ತೆರೆಯಬೇಕು, ಯಾರಿಗೆ ತೆರೆಯಬೇಕು? ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಆಯ್ಕೆಗಳ ಹೆಸರನ್ನು ಈ ಪುಟದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಕಂಪ್ಯೂಟರಿನ ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಒಂದೇ ಪದವಾಗಿ ಟೈಪ್ ಮಾಡಬೇಕು.

## ಶುರು ಮಾಡುವವರಿಗೆ

ಮೇಷ್ಟ್ರೇ, ಟಾರ್ ಅಂದರೆ ಒಂದು ಬ್ರೌಸರ್ ಅಲ್ಲವೇ? ಅದರಲ್ಲಿ ಈ ಪೋರ್ಟ್ ಎಲ್ಲಿಂದ ಬಂತು?

ಟಾರ್ ಮತ್ತು ಟಾರ್ ಬ್ರೌಸರ್ ಬೇರೆ ಬೇರೆ. ಟಾರ್ ಎಂಬುದು ಹಿನ್ನೆಲೆಯಲ್ಲಿ ಸದ್ದಿಲ್ಲದೆ ಓಡುವ ಒಂದು ಪ್ರೋಗ್ರಾಂ. ನೀವು ಕಳುಹಿಸುವ ಮಾಹಿತಿಗೆ ಅದು ಪದರ ಪದರವಾಗಿ ಗೂಢಲಿಪಿಯ ಹೊದಿಕೆ ಹಾಕಿ, ಜಗತ್ತಿನ ಬೇರೆ ಬೇರೆ ಕಡೆ ಇರುವ ಮೂರು ರಿಲೇಗಳ, ಅಂದರೆ ಮಾಹಿತಿಯನ್ನು ಮುಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳ, ಮೂಲಕ ಸಾಗಿಸುತ್ತದೆ. ಮೊದಲ ರಿಲೇಗೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ಈ ವಿಚಾರ ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿತು. 2002ರಲ್ಲಿ ಟಾರ್ ಸಾರ್ವಜನಿಕ ಬಳಕೆಗೆ ಬಂತು. 2006ರಲ್ಲಿ ಅದನ್ನು ನೋಡಿಕೊಳ್ಳಲು ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ಆರಂಭವಾಯಿತು.

ಈ ಪ್ರೋಗ್ರಾಂಗೆ ಕೆಲಸ ಒಪ್ಪಿಸುವುದು ಹೇಗೆ? ಅದಕ್ಕೊಂದು ಬಾಗಿಲು ಬೇಕು. ಬ್ರೌಸರ್, ಮೇಲ್, ಚಾಟ್ ಯಾವುದೇ ಆಗಲಿ, ಆ ಬಾಗಿಲು ತಟ್ಟಿ ‘ನನ್ನನ್ನು ಇಂಥ ತಾಣಕ್ಕೆ ಕರೆದುಕೊಂಡು ಹೋಗು’ ಎನ್ನುತ್ತದೆ. ಹಾಗೆ ಕೇಳುವ ಭಾಷೆಯ ಹೆಸರು ಸಾಕ್ಸ್, ಬಾಗಿಲಿನ ಸಂಖ್ಯೆ ಪೋರ್ಟ್. ಟಾರ್ ಬ್ರೌಸರಿನ ಒಳಗೂ ಇದೇ ಟಾರ್ ಪ್ರೋಗ್ರಾಂ ಕುಳಿತಿರುತ್ತದೆ. ಬ್ರೌಸರ್ ತನ್ನ ಬಾಗಿಲನ್ನು ತಾನೇ ತಟ್ಟಿಕೊಳ್ಳುವುದರಿಂದ ನಮಗೆ ಅದು ಕಾಣುವುದಿಲ್ಲ.

ಕೆಲವರು 9050 ಅನ್ನುತ್ತಾರೆ, ಕೆಲವರು 9150 ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಟಾರ್ ಪ್ರೋಗ್ರಾಂ ಅನ್ನು ಮಾತ್ರ ಹಾಕಿಕೊಂಡಿದ್ದರೆ ಸಾಕ್ಸ್ ಬಾಗಿಲು 9050. ಟಾರ್ ಬ್ರೌಸರ್ ತೆರೆದಿದ್ದರೆ ಅದರ ಬಾಗಿಲು 9150. ಎರಡೂ ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಓಡಿದರೂ ಡಿಕ್ಕಿ ಹೊಡೆಯಬಾರದೆಂದೇ ಹೀಗೆ ಬೇರೆ ಇಟ್ಟಿದ್ದಾರೆ. ಬ್ರೌಸರ್ ಮುಚ್ಚಿದ ಕ್ಷಣ 9150 ಕೂಡ ಮುಚ್ಚಿಕೊಳ್ಳುತ್ತದೆ. ‘ನಿನ್ನೆ ರಾತ್ರಿ ಕೆಲಸ ಮಾಡುತ್ತಿತ್ತು, ಬೆಳಗ್ಗೆ ಇಲ್ಲ’ ಎಂದು ಹೇಳುವವರಲ್ಲಿ ಬಹುಪಾಲು ಜನ ಬ್ರೌಸರ್ ಮುಚ್ಚಿದ್ದನ್ನು ಮರೆತಿರುತ್ತಾರೆ.

9051, 9151 ಎಂಬ ಸಂಖ್ಯೆಗಳೂ ಕಣ್ಣಿಗೆ ಬೀಳಬಹುದು. ಅವು ನಿಯಂತ್ರಣ ಪೋರ್ಟ್‌ಗಳು. ಟಾರ್‌ಗೆ ಆಜ್ಞೆ ಕೊಡಲು ಇರುವವು. ಬ್ರೌಸರಿನ ಪ್ರಾಕ್ಸಿ (ನಡುವೆ ನಿಂತು ಸಂಪರ್ಕ ಸಾಗಿಸುವ ಮಧ್ಯವರ್ತಿ) ಖಾನೆಯಲ್ಲಿ ಅವನ್ನು ಎಂದೂ ತುಂಬಬೇಡಿ.

ನಾನು ಟಾರ್ ಬ್ರೌಸರ್ ಮಾತ್ರ ಬಳಸುವುದು. ಇದನ್ನೆಲ್ಲ ಮುಟ್ಟಬೇಕೆ?

ಬೇಡ. ಅದನ್ನು ಕಟ್ಟಿದವರು ನಿಮಗಾಗಿ ಯೋಚಿಸಿಯೇ ಎಲ್ಲವನ್ನೂ ಹೊಂದಿಸಿದ್ದಾರೆ. ಟಾರ್ ಬ್ರೌಸರಿನ ಬಲ ಇರುವುದೇ ಎಲ್ಲರ ಬ್ರೌಸರ್‌ಗಳೂ ಒಂದೇ ರೀತಿ ಕಾಣುವುದರಲ್ಲಿ. ಬೇರೆ ಪ್ರೋಗ್ರಾಂಗಳನ್ನು ಟಾರ್ ಮೂಲಕ ಕಳುಹಿಸಬೇಕಾದವರಿಗಾಗಿ ಮುಂದಿನ ಭಾಗಗಳನ್ನು ಬರೆದಿದ್ದೇನೆ.

ಇದನ್ನು ಹಾಕಿಕೊಂಡರೆ ಪೊಲೀಸರು ಮನೆಗೆ ಬರುತ್ತಾರೆಯೇ ಸರ್? ಅಪ್ಪ ಹೆದರುತ್ತಿದ್ದಾರೆ.

ಗುಬ್ಬಿಯ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಇದು. ಅವರ ತಂದೆಯ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಾರತದಲ್ಲಿ ಟಾರ್ ಬಳಸುವುದೇ ಅಪರಾಧ ಎನ್ನುವ ಕಾನೂನು ಇಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತರಗತಿಯಲ್ಲಿ ಈ ಹೆಸರನ್ನು ನಾನು ಪ್ರತಿ ಸಲವೂ ಹೇಳುತ್ತೇನೆ. ಈ ಹಕ್ಕು ಎಲ್ಲಿಂದಲೋ ಆಮದಾದದ್ದು ಎಂದು ಮಕ್ಕಳು ತಿಳಿಯಬಾರದು.

ಹಾಗೆಂದು ಟಾರ್ ಮೂಲಕ ಮಾಡಿದ ತಪ್ಪು ತಪ್ಪಲ್ಲ ಎಂದಾಗುವುದಿಲ್ಲ. ಮೋಸ ಎಲ್ಲಿಂದ ಮಾಡಿದರೂ ಮೋಸವೇ. ಕಾಲೇಜು, ಕಚೇರಿಯ ನೆಟ್‌ವರ್ಕಿಗೆ ಅದರದೇ ನಿಯಮಗಳಿರುತ್ತವೆ, ಅವನ್ನು ಮೊದಲು ಓದಿಕೊಳ್ಳಿ.

## ಫೈಲನ್ನು ತೆರೆದವರಿಗೆ

ಸೆಟ್ಟಿಂಗ್ ಬರೆಯುವುದು ಎಲ್ಲಿ? ಹೇಗೆ?

ಟಾರ್‌ಆರ್‌ಸಿ ಎಂಬ ಸಾದಾ ಪಠ್ಯದ ಫೈಲಿನಲ್ಲಿ. ಉಬುಂಟು, ಡೆಬಿಯನ್‌ಗಳಲ್ಲಿ ಅದು ಇಟಿಸಿ ಫೋಲ್ಡರಿನೊಳಗೆ ಟಾರ್ ಎಂಬ ಫೋಲ್ಡರಿನಲ್ಲಿದೆ. ಒಂದು ಸಾಲಿಗೆ ಒಂದು ಆಯ್ಕೆ. ಮೊದಲು ಆಯ್ಕೆಯ ಹೆಸರು, ಜಾಗ ಬಿಟ್ಟು ಅದರ ಮೌಲ್ಯ. ಸಾಕ್ಸ್ ಬಾಗಿಲಿನ ಸಾಲು ಹೀಗಿರುತ್ತದೆ:

ಸಾಕ್ಸ್‌ಪೋರ್ಟ್ 9050

ಸಂಖ್ಯೆಯ ಹಿಂದೆ ವಿಳಾಸ ಬರೆಯದಿದ್ದರೆ ಟಾರ್ 127.0.0.1 ಎಂದೇ ತೆಗೆದುಕೊಳ್ಳುತ್ತದೆ. ಅದು ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ, ಹೊರಗಿನವರಿಗೆ ತಲುಪುವುದಿಲ್ಲ. ಸಂಖ್ಯೆಯ ಜಾಗದಲ್ಲಿ 0 ಬರೆದರೆ ಸಾಕ್ಸ್ ಬಾಗಿಲೇ ಇರುವುದಿಲ್ಲ. ಬರೀ ರಿಲೇ ನಡೆಸುವವರಿಗೆ ಅದು ಸರಿಹೋಗುತ್ತದೆ. ‘ಆಟೋ’ ಎಂದು ಬರೆದರೆ ಖಾಲಿ ಇರುವ ಯಾವುದಾದರೊಂದು ಪೋರ್ಟನ್ನು ಟಾರ್ ಆರಿಸಿಕೊಳ್ಳುತ್ತದೆ. ಹೊಸ ಸಂಖ್ಯೆ ಕೊಡುವುದಾದರೆ 1024ಕ್ಕಿಂತ ಮೇಲಿನದನ್ನು ಕೊಡಿ. ಅದರ ಕೆಳಗಿನವನ್ನು ಲಿನಕ್ಸ್ ಆಡಳಿತಗಾರನಿಗೆ ಕಾದಿರಿಸಿದೆ.

ಬರೆದು ಉಳಿಸಿದ ಮೇಲೆ ‘ವೆರಿಫೈ-ಕಾನ್ಫಿಗ್’ ಆಯ್ಕೆಯೊಂದಿಗೆ ಟಾರ್ ಆಜ್ಞೆ ಕೊಟ್ಟರೆ ಫೈಲಿನಲ್ಲಿ ತಪ್ಪಿದ್ದರೆ ತಿಳಿಯುತ್ತದೆ. ಆಮೇಲೆ ಸೇವೆಯನ್ನು ರೀಲೋಡ್ ಮಾಡಿ.

ಹೊಸ ಪೋರ್ಟ್ ಸೇರಿಸಿದೆ, ಹಳೆಯದು ಸತ್ತೇ ಹೋಯಿತು! ನಾನು ಅದನ್ನು ಮುಟ್ಟಲೇ ಇಲ್ಲವಲ್ಲ?

ಇಷ್ಟು ಸಲ ಕೇಳಿಬಂದ ಪ್ರಶ್ನೆ ಇನ್ನೊಂದಿಲ್ಲ. ಕಳೆದ ಮಳೆಗಾಲದ ಒಂದು ಭಾನುವಾರ ತರಗತಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಫೈಲಿನ ಕೊನೆಗೆ ‘ಸಾಕ್ಸ್‌ಪೋರ್ಟ್ 9060’ ಎಂದು ಸೇರಿಸಿ ರೀಲೋಡ್ ಮಾಡಿದ. 9060 ಚೆನ್ನಾಗಿ ಓಡಿತು. ಆದರೆ ಮೊದಲಿನಿಂದ 9050ಕ್ಕೆ ಅಂಟಿಕೊಂಡಿದ್ದ ಅವನ ಚಾಟ್ ಪ್ರೋಗ್ರಾಂ ಸಂಪರ್ಕ ಕಡಿದುಕೊಂಡು ಕುಳಿತಿತು. ಅವನು ಫೈಲಿನ ಉದ್ದಗಲಕ್ಕೂ ಹುಡುಕಿದ. 9050 ಎಂಬ ಸಂಖ್ಯೆ ಒಂದೇ ಕಡೆ ಇತ್ತು, ಅದರ ಹಿಂದೆ ಹ್ಯಾಷ್ ಗುರುತು ಇತ್ತು. ಬೆರಳನ್ನು ಪರದೆಯ ಮೇಲಿಟ್ಟು ‘ಇಲ್ಲೇ ಇದೆಯಲ್ಲ ಸರ್’ ಎಂದ.

ಹ್ಯಾಷ್ ಗುರುತಿನ ಸಾಲು ಬರೀ ಟಿಪ್ಪಣಿ, ಟಾರ್ ಅದನ್ನು ಓದುವುದಿಲ್ಲ. ಹಾಗಾದರೆ ಅಲ್ಲಿಯವರೆಗೆ 9050 ಓಡುತ್ತಿದ್ದದ್ದು ಹೇಗೆ? ಫೈಲಿನಲ್ಲಿ ಸಾಕ್ಸ್‌ಪೋರ್ಟ್ ಎಂಬ ಮಾತೇ ಇಲ್ಲದಿದ್ದಾಗ ಟಾರ್ ತಾನಾಗಿಯೇ 9050 ತೆರೆಯುತ್ತದೆ. ನೀವು ಒಂದು ಸಾಲು ಬರೆದ ಕೂಡಲೇ ‘ಇವರಿಗೆ ಬೇಕಾದದ್ದು ಇದೇ’ ಎಂದು ತಿಳಿದು, ಬರೆದದ್ದನ್ನು ಮಾತ್ರ ತೆರೆಯುತ್ತದೆ. ಆದ್ದರಿಂದ ಎರಡು ಬಾಗಿಲು ಬೇಕಿದ್ದರೆ ಎರಡನ್ನೂ ಬರೆಯಬೇಕು:

ಸಾಕ್ಸ್‌ಪೋರ್ಟ್ 9050
ಸಾಕ್ಸ್‌ಪೋರ್ಟ್ 9060

ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿ, ಟಾರ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ನೋಡಿ. ತೆರೆದ ಒಂದೊಂದು ಸಾಕ್ಸ್ ಬಾಗಿಲಿಗೂ ವಿಳಾಸ ಮತ್ತು ಸಂಖ್ಯೆ ಸಹಿತ ಒಂದೊಂದು ಸಾಲು ಅಲ್ಲಿರುತ್ತದೆ. ಆ ಸಾಲುಗಳನ್ನು ಎಣಿಸುವ ಅಭ್ಯಾಸ ಮಾಡಿಕೊಂಡರೆ ಈ ಗೊಂದಲ ಮತ್ತೆ ಬಾರದು.

‘ಈ ವಿಳಾಸ ಆಗಲೇ ಬಳಕೆಯಲ್ಲಿದೆ’ ಎಂದು ಹೇಳಿ ಟಾರ್ ಶುರುವಾಗುವುದೇ ಇಲ್ಲ.

ಬೇರೊಂದು ಪ್ರೋಗ್ರಾಂ ಆ ಪೋರ್ಟನ್ನು ಹಿಡಿದಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಇನ್ನೊಂದು ಟಾರ್‌ನದೇ ಪ್ರತಿ. ಕಂಪ್ಯೂಟರ್ ಶುರುವಾದಾಗಲೇ ಸೇವೆಯಾಗಿ ಎದ್ದ ಟಾರ್ ಒಂದಿರುತ್ತದೆ, ನೀವು ಟರ್ಮಿನಲ್‌ನಲ್ಲಿ ಕೈಯಾರೆ ಶುರು ಮಾಡಿದ್ದು ಎರಡನೆಯದು. ‘ಎಸ್‌ಎಸ್’ ಆಜ್ಞೆಯಿಂದ ಯಾರು ಹಿಡಿದಿದ್ದಾರೆಂದು ನೋಡಿ. ಎರಡು ಟಾರ್ ಬೇಕೇ ಬೇಕೆಂದಿದ್ದರೆ ಎರಡನೆಯದಕ್ಕೆ ಬೇರೆ ಪೋರ್ಟಿನ ಜೊತೆಗೆ ಬೇರೆ ಡೇಟಾ ಫೋಲ್ಡರನ್ನೂ ಕೊಡಬೇಕು. ಒಂದೇ ಫೋಲ್ಡರನ್ನು ಇಬ್ಬರು ಹಂಚಿಕೊಳ್ಳಲು ಟಾರ್ ಬಿಡುವುದಿಲ್ಲ.

ಬ್ರೌಸರಿನಲ್ಲಿ 9050 ಹಾಕಿದೆ. ‘ಇದು ಸಾಕ್ಸ್ ಪ್ರಾಕ್ಸಿ, ಎಚ್‌ಟಿಟಿಪಿ ಪ್ರಾಕ್ಸಿ ಅಲ್ಲ’ ಎಂಬ ಪುಟ ಬರುತ್ತದೆ.

ಸಂಖ್ಯೆ ಸರಿಯಾಗಿದೆ, ಖಾನೆ ತಪ್ಪಾಗಿದೆ. ಪ್ರಾಕ್ಸಿ ಸೆಟ್ಟಿಂಗಿನಲ್ಲಿ ಮೇಲಿರುವ ಎಚ್‌ಟಿಟಿಪಿ ಖಾನೆಯನ್ನು ಖಾಲಿ ಬಿಟ್ಟು, ಕೆಳಗಿನ ಸಾಕ್ಸ್ ಹೋಸ್ಟ್ ಖಾನೆಯಲ್ಲಿ 127.0.0.1 ಮತ್ತು 9050 ತುಂಬಿ, 5ನೇ ಆವೃತ್ತಿಯನ್ನು ಆರಿಸಿ. ಕೆಲವು ಪ್ರೋಗ್ರಾಂಗಳಿಗೆ ಸಾಕ್ಸ್ ಬಾರದೆ ಎಚ್‌ಟಿಟಿಪಿ ಪ್ರಾಕ್ಸಿಯೇ ಬೇಕಾಗುತ್ತದೆ. ಅಂಥವಕ್ಕೆ ‘ಎಚ್‌ಟಿಟಿಪಿಟನಲ್‌ಪೋರ್ಟ್’ ಎಂಬ ಪ್ರತ್ಯೇಕ ಆಯ್ಕೆ ಇದೆ. ಅದಕ್ಕೆ ಬೇರೆ ಸಂಖ್ಯೆ ಕೊಡಿ.

ಸಾದಾ ಬ್ರೌಸರಿಗೆ ಹೀಗೆ ಟಾರ್ ಜೋಡಿಸುವುದು ಕಲಿಕೆಗೆ ಸಾಕು. ಗುರುತು ಮರೆಸಿಕೊಳ್ಳಲು ಸಾಲದು. ನಿಮ್ಮ ಕುಕಿಗಳು, ಪರದೆಯ ಅಳತೆ, ಫಾಂಟ್‌ಗಳ ಪಟ್ಟಿ ನಿಮ್ಮನ್ನು ಬಿಟ್ಟುಕೊಡುತ್ತವೆ. ತಾಣಗಳನ್ನು ನೋಡಲು ಟಾರ್ ಬ್ರೌಸರನ್ನೇ ಬಳಸಿ.

## ಸೋರಿಕೆಯ ಬಗ್ಗೆ

ಪೋರ್ಟ್ ಸರಿಯಾಗಿಯೇ ಹಾಕಿದ್ದೇನೆ. ಆದರೂ ನಾನು ನೋಡಿದ ತಾಣದ ಹೆಸರು ನಮ್ಮ ಬ್ರಾಡ್‌ಬ್ಯಾಂಡಿನವರಿಗೆ ತಿಳಿಯುತ್ತದೆ ಎಂದು ಗೆಳೆಯ ಹೇಳಿದ. ನಿಜವೇ?

ನಿಜವಾಗಿರಬಹುದು. ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದನ್ನು ಓದಬೇಕು ಎಂದು ನನ್ನ ಆಸೆ.

ತಾಣಕ್ಕೆ ಹೋಗುವ ಮೊದಲು ಅದರ ಹೆಸರನ್ನು ಐಪಿ ವಿಳಾಸವಾಗಿ ಬದಲಿಸಬೇಕು. ಆ ಕೆಲಸ ಡಿಎನ್‌ಎಸ್‌ನದು. ಪ್ರೋಗ್ರಾಂ ಹೆಸರನ್ನು ಹಾಗೆಯೇ ಟಾರ್‌ನ ಕೈಗೆ ಕೊಟ್ಟರೆ, ಸರ್ಕ್ಯೂಟಿನ (ಮೂರು ರಿಲೇಗಳನ್ನು ಜೋಡಿಸಿದ ದಾರಿಯ) ಆ ಕೊನೆಯಲ್ಲಿರುವ ರಿಲೇ ವಿಳಾಸ ಹುಡುಕುತ್ತದೆ. ಅದೇ ಪ್ರೋಗ್ರಾಂ ಆತುರಪಟ್ಟು ತಾನೇ ನಿಮ್ಮ ಬ್ರಾಡ್‌ಬ್ಯಾಂಡಿನ ಡಿಎನ್‌ಎಸ್‌ಗೆ ‘ಈ ತಾಣದ ವಿಳಾಸವೇನು’ ಎಂದು ಕೇಳಿ, ಸಿಕ್ಕ ಉತ್ತರವನ್ನು ಮಾತ್ರ ಟಾರ್‌ಗೆ ಕೊಟ್ಟರೆ? ಮುಚ್ಚಿದ ಲಕೋಟೆಯನ್ನು ಅಂಚೆಗೆ ಹಾಕುವ ಮೊದಲು, ವಿಳಾಸವನ್ನು ಬೀದಿಯಲ್ಲಿ ಕೂಗಿ ಕೇಳಿದಂತಾಯಿತು.

ಯಾವ ಸಾಕ್ಸ್ ಬಳಸುತ್ತೀರಿ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಸಾಕ್ಸ್ 4ರಲ್ಲಿ ಐಪಿ ವಿಳಾಸ ಮಾತ್ರ ಕೊಡಬಹುದು, ಅಂದರೆ ಸೋರಿಕೆ ಖಚಿತ. ಸಾಕ್ಸ್ 4ಎ ಹೆಸರನ್ನು ಒಯ್ಯುತ್ತದೆ. ಸಾಕ್ಸ್ 5 ಎರಡನ್ನೂ ಒಯ್ಯಬಲ್ಲದು, ಯಾವುದನ್ನು ಕೊಡಬೇಕೆಂಬುದು ಪ್ರೋಗ್ರಾಂಗೆ ಬಿಟ್ಟದ್ದು. ಟರ್ಮಿನಲ್‌ನಿಂದ ತಾಣಗಳನ್ನು ತರಿಸುವ ಕರ್ಲ್ ಆಜ್ಞೆ ಬಳಸುವವರು ಪ್ರಾಕ್ಸಿಯನ್ನು ‘ಸಾಕ್ಸ್5’ ಎಂದು ಬರೆದರೆ ಹೆಸರು ನಿಮ್ಮ ಕಂಪ್ಯೂಟರಿನಲ್ಲೇ ಬಿಡಿಸಿಕೊಳ್ಳುತ್ತದೆ. ಅದರ ಮುಂದೆ ‘ಎಚ್’ ಎಂಬ ಒಂದು ಅಕ್ಷರ ಸೇರಿಸಿ ‘ಸಾಕ್ಸ್5ಎಚ್’ ಎಂದು ಬರೆದರೆ ಹೆಸರು ಟಾರ್‌ನೊಳಗೆ ಹೋಗುತ್ತದೆ. ಒಂದೇ ಒಂದು ಅಕ್ಷರದ ವ್ಯತ್ಯಾಸ. ಫೈರ್‌ಫಾಕ್ಸ್‌ನಲ್ಲಾದರೆ ಸಾಕ್ಸ್ 5 ಬಳಸುವಾಗ ಡಿಎನ್‌ಎಸ್ ಕೂಡ ಪ್ರಾಕ್ಸಿಯ ಮೂಲಕವೇ ಹೋಗಲಿ ಎನ್ನುವ ಚೌಕಕ್ಕೆ ಗುರುತು ಹಾಕಿರಬೇಕು.

ಕಣ್ಣಾರೆ ನೋಡಬೇಕೆನ್ನುವವರು ಟಾರ್‌ಆರ್‌ಸಿಯಲ್ಲಿ ‘ಟೆಸ್ಟ್‌ಸಾಕ್ಸ್ 1’ ಎಂದು ಬರೆಯಿರಿ. ಬಂದ ಒಂದೊಂದು ಸಂಪರ್ಕವೂ ಸುರಕ್ಷಿತ ರೀತಿಯದೋ ಅಲ್ಲವೋ ಎಂದು ಲಾಗ್‌ನಲ್ಲಿ ದಾಖಲಾಗುತ್ತದೆ. ನಾನು ಯಾವ ಹೊಸ ಪ್ರೋಗ್ರಾಂ ಜೋಡಿಸಿದರೂ ಮೊದಲ ಅರ್ಧ ಗಂಟೆ ಇದನ್ನು ಹಾಕಿಟ್ಟು ಲಾಗ್ ಓದುತ್ತೇನೆ. ನಂಬಿಕೆ ಬಂದ ಮೇಲೆ ‘ಸೇಫ್‌ಸಾಕ್ಸ್ 1’ ಹಾಕುತ್ತೇನೆ. ಆಗ ಬರೀ ಐಪಿ ವಿಳಾಸ ತಂದವರನ್ನು ಟಾರ್ ಬಾಗಿಲಲ್ಲೇ ತಡೆಯುತ್ತದೆ. ಐಪಿ ವಿಳಾಸವನ್ನು ನ್ಯಾಯವಾಗಿಯೇ ಬಳಸುವ ಪ್ರೋಗ್ರಾಂಗಳೂ ಇವೆ, ಅವೂ ಆಗ ನಿಂತುಹೋಗುತ್ತವೆ. ಅದು ಗೊತ್ತಿದ್ದು ಹಾಕಿ.

ಎಲ್ಲವೂ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಣ್ಣ?

ಟಾರ್ ಪ್ರಾಜೆಕ್ಟಿನದೇ ತಪಾಸಣಾ ಪುಟವಿದೆ. ಅದನ್ನು ಪೋರ್ಟಿನ ಮೂಲಕ ತೆರೆದರೆ ನೀವು ಟಾರ್‌ನಿಂದ ಬಂದಿದ್ದೀರೋ ಇಲ್ಲವೋ ಎಂದು ಹೇಳುತ್ತದೆ. ಆಮೇಲೆ ಟಾರ್ ಸೇವೆಯನ್ನು ನಿಲ್ಲಿಸಿ ಅದೇ ಪುಟವನ್ನು ಮತ್ತೆ ತೆರೆಯಿರಿ. ಈಗ ತೆರೆಯಲೇಬಾರದು. ತೆರೆದರೆ ನಿಮ್ಮ ಪ್ರೋಗ್ರಾಂ ಟಾರ್ ಸಿಗದಾಗ ಹಿತ್ತಲ ಬಾಗಿಲಿನಿಂದ ನೇರವಾಗಿ ಹೊರಗೆ ಹೋಗುತ್ತಿದೆ ಎಂದರ್ಥ. ಈ ಎರಡನೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ದಯವಿಟ್ಟು ಮಾಡಿ.

ವೀಡಿಯೊ ಕರೆಯನ್ನೂ ಇದರ ಮೂಲಕ ಕಳುಹಿಸಬಹುದೇ?

ಆಗುವುದಿಲ್ಲ. ನೆಟ್‌ವರ್ಕಿನಲ್ಲಿ ಮಾಹಿತಿ ಕಳುಹಿಸುವ ಬಗೆಗಳಲ್ಲಿ ಟಾರ್ ಸಾಗಿಸುವುದು ಟಿಸಿಪಿ ಸಂಪರ್ಕಗಳನ್ನು ಮಾತ್ರ. ಕರೆಗಳು ಸಾಮಾನ್ಯವಾಗಿ ಯುಡಿಪಿ ಎಂಬ ಇನ್ನೊಂದು ಬಗೆಯನ್ನು ಬಳಸುತ್ತವೆ. ಪಿಂಗ್ ಆಜ್ಞೆಯೂ ಇದೇ ಕಾರಣಕ್ಕೆ ಟಾರ್ ಮೂಲಕ ಓಡುವುದಿಲ್ಲ. ಟೊರೆಂಟ್ ಬೇಡವೇ ಬೇಡ. ಸ್ವಯಂಸೇವಕರು ತಮ್ಮ ಹಣದಲ್ಲಿ ನಡೆಸುವ ರಿಲೇಗಳ ಮೇಲೆ ಅದು ಹೊರೆ ಹೇರುತ್ತದೆ, ನಿಮ್ಮ ನಿಜವಾದ ವಿಳಾಸವನ್ನೂ ಹೊರಹಾಕುವ ಸಾಧ್ಯತೆ ಇದೆ.

ಬ್ಯಾಂಕಿನ ಕೆಲಸವನ್ನು ಟಾರ್‌ನಲ್ಲಿ ಮಾಡಿದರೆ ಇನ್ನೂ ಸುರಕ್ಷಿತವಲ್ಲವೇ?

ಬ್ಯಾಂಕಿಗೆ ನೀವು ಯಾರೆಂದು ಹೇಗೂ ಹೇಳಲೇಬೇಕು. ಇವತ್ತು ಜರ್ಮನಿ, ನಾಳೆ ಬೇರೊಂದು ದೇಶದಿಂದ ಲಾಗಿನ್ ಆದಂತೆ ಕಂಡು ಖಾತೆಗೆ ತಡೆ ಬಿದ್ದರೆ ನಿಮಗೇ ತೊಂದರೆ. ಮಾಡಬೇಡಿ.

## ಹಂಚುವುದು ಮತ್ತು ಬೇರ್ಪಡಿಸುವುದು

ನಮ್ಮ ಲ್ಯಾಬಿನಲ್ಲಿ ಹನ್ನೆರಡು ಕಂಪ್ಯೂಟರ್‌ಗಳಿವೆ. ಒಂದರಲ್ಲಿ ಟಾರ್ ಹಾಕಿ ಉಳಿದವರೂ ಅದನ್ನೇ ಬಳಸುವಂತೆ ಮಾಡಬಹುದೇ?

ಮಾಡಬಹುದು. ಹೇಗೆ ಮಾಡಬಾರದು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಾಗಾರದಲ್ಲಿ ಸಮಯವಿಲ್ಲದೆ ‘ಸಾಕ್ಸ್‌ಪೋರ್ಟ್ 0.0.0.0:9050’ ಎಂದು ಬರೆದುಬಿಟ್ಟೆ. ಯಾವ ದಿಕ್ಕಿನಿಂದ ಯಾರು ತಟ್ಟಿದರೂ ತೆರೆ ಎಂದು ಅದರರ್ಥ. ಟಾರ್ ಲಾಗ್‌ನಲ್ಲಿ ಎಚ್ಚರಿಕೆಯ ಸಾಲು ಹಾಕಿತ್ತು, ನಾನು ಓದಲಿಲ್ಲ. ಮಧ್ಯಾಹ್ನದ ಊಟದ ಮೇಲೆ ಎಸ್‌ಎಸ್ ಆಜ್ಞೆ ಕೊಟ್ಟು ನೋಡಿದಾಗ 9050ಕ್ಕೆ ಅಂಟಿಕೊಂಡಿದ್ದ ವಿಳಾಸಗಳಲ್ಲಿ ಮೂರು ನಮ್ಮ ಕೋಣೆಯವಾಗಿರಲಿಲ್ಲ. ಅದೇ ವೈಫೈ ಹಿಡಿದಿದ್ದ ಕಟ್ಟಡದ ಬೇರೆ ಯಾರೋ ನನ್ನ ಬಾಗಿಲನ್ನು ಕಂಡುಹಿಡಿದಿದ್ದರು. ಅವರು ಏನು ಮಾಡಿದರೂ ಅದು ನನ್ನ ಟಾರ್ ಮೂಲಕ ಹೋಗುತ್ತಿತ್ತು. ಆ ಸಾಲನ್ನು ಅಳಿಸುವಾಗ ಕೈ ನಡುಗಿದ್ದು ನೆನಪಿದೆ.

ಸರಿಯಾದ ದಾರಿ ಇದು. ಟಾರ್ ಇರುವ ಕಂಪ್ಯೂಟರಿಗೆ ಲ್ಯಾಬಿನ ಒಳಗಿನ ವಿಳಾಸ 192.168.1.10 ಎಂದಿಟ್ಟುಕೊಳ್ಳಿ:

ಸಾಕ್ಸ್‌ಪೋರ್ಟ್ 127.0.0.1:9050
ಸಾಕ್ಸ್‌ಪೋರ್ಟ್ 192.168.1.10:9100
ಸಾಕ್ಸ್‌ಪಾಲಿಸಿ ಅಕ್ಸೆಪ್ಟ್ 127.0.0.1
ಸಾಕ್ಸ್‌ಪಾಲಿಸಿ ಅಕ್ಸೆಪ್ಟ್ 192.168.1.0/24
ಸಾಕ್ಸ್‌ಪಾಲಿಸಿ ರಿಜೆಕ್ಟ್ *

ಪಾಲಿಸಿಯ ಸಾಲುಗಳನ್ನು ಟಾರ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲೇ ತೀರ್ಮಾನ. ಕೊನೆಯ ರಿಜೆಕ್ಟ್ ಸಾಲನ್ನು ಮರೆತರೆ ಮೇಲಿನ ಎರಡಕ್ಕೂ ಬೆಲೆಯಿಲ್ಲ, ಏಕೆಂದರೆ ಯಾವ ಸಾಲಿಗೂ ಹೊಂದದವರನ್ನು ಟಾರ್ ಒಳಗೆ ಬಿಟ್ಟುಕೊಳ್ಳುತ್ತದೆ. ಇದರ ಜೊತೆಗೆ ಕಂಪ್ಯೂಟರಿನ ಫೈರ್‌ವಾಲ್‌ನಲ್ಲೂ ಅದೇ ನಿಯಮ ಹಾಕಿ.

ಇನ್ನೊಂದು ಮಾತು. ನಿಮ್ಮ ಕಂಪ್ಯೂಟರಿನಿಂದ ಟಾರ್ ಇರುವ ಕಂಪ್ಯೂಟರಿನವರೆಗೆ ಸಾಕ್ಸ್ ಮಾತುಕತೆಗೆ ಗೂಢಲಿಪಿ ಇಲ್ಲ. ಯಾವ ತಾಣ ಕೇಳಿದಿರಿ ಎಂಬುದನ್ನು ಲ್ಯಾಬಿನ ನೆಟ್‌ವರ್ಕ್ ಗಮನಿಸುವವರು ಓದಬಹುದು. ಕಲಿಕೆಯ ಲ್ಯಾಬಿಗೆ ಇದು ನಡೆಯುತ್ತದೆ. ಗುಟ್ಟು ಕಾಯಬೇಕಾದ ವರದಿಗಾರರಿಗೆ, ವಕೀಲರಿಗೆ ನಾನು ಹೇಳುವುದು ಒಂದೇ: ಒಬ್ಬೊಬ್ಬರೂ ತಮ್ಮ ಕಂಪ್ಯೂಟರಿನಲ್ಲೇ ಟಾರ್ ಹಾಕಿಕೊಳ್ಳಿ.

ಹಾಗಾದರೆ ಸಾಕ್ಸ್‌ಗೆ ಹೆಸರು, ಪಾಸ್‌ವರ್ಡ್ ಇಟ್ಟರೆ ಅಪರಿಚಿತರು ಬರಲಾರರು ಅಲ್ಲವೇ?

ಟಾರ್‌ನಲ್ಲಿ ಆ ಪಾಸ್‌ವರ್ಡ್ ಬೀಗವಲ್ಲ. ಯಾವ ಹೆಸರು, ಯಾವ ಪಾಸ್‌ವರ್ಡ್ ಕೊಟ್ಟರೂ ಟಾರ್ ಒಪ್ಪಿಕೊಳ್ಳುತ್ತದೆ. ಅದನ್ನು ಬೇರೊಂದು ಉದ್ದೇಶಕ್ಕೆ ಬಳಸುತ್ತದೆ, ಅದು ಮುಂದಿನ ಉತ್ತರದಲ್ಲಿದೆ.

ಎರಡು ಮೂರು ಪೋರ್ಟ್ ಯಾಕೆ ಬೇಕು? ಒಂದರಲ್ಲೇ ಎಲ್ಲ ಕೆಲಸವೂ ಆಗುತ್ತದೆಯಲ್ಲ?

ಮಧುಗಿರಿ ಕಡೆಯ ಒಬ್ಬ ವರದಿಗಾರರು ಕೇಳಿದ್ದು. ಅವರಿಗೆ ಒಂದು ಮೇಲ್ ಖಾತೆ ಇತ್ತು, ಮಾಹಿತಿ ಕೊಡುವವರು ಅದಕ್ಕೆ ಬರೆಯುತ್ತಿದ್ದರು. ಅದೇ ಕಂಪ್ಯೂಟರಿನ ಬೇರೊಂದು ಪ್ರೋಗ್ರಾಂ ಅವರ ಸ್ವಂತ ಹೆಸರಿನ ಚಾಟ್ ಖಾತೆಗೆ ಸೇರಿಕೊಂಡಿರುತ್ತಿತ್ತು. ಎರಡೂ 9050ರ ಮೂಲಕ ಹೋಗುತ್ತಿದ್ದವು.

ಟಾರ್ ಒಂದೊಂದು ಸಂಪರ್ಕಕ್ಕೂ ಹೊಸ ಸರ್ಕ್ಯೂಟ್ ಕಟ್ಟುವುದಿಲ್ಲ. ಇರುವ ಸರ್ಕ್ಯೂಟನ್ನೇ ಸುಮಾರು 10 ನಿಮಿಷಗಳವರೆಗೆ ಹೊಸ ಸಂಪರ್ಕಗಳಿಗೂ ಕೊಡುತ್ತದೆ. ಆದ್ದರಿಂದ ಆ ಮೇಲ್ ಮತ್ತು ಆ ಚಾಟ್ ಒಂದೇ ಸರ್ಕ್ಯೂಟಿನಲ್ಲಿ, ಒಂದೇ ಕೊನೆಯ ರಿಲೇಯಿಂದ, ಒಂದೇ ಹೊತ್ತಿನಲ್ಲಿ ಹೊರಬರಬಹುದು. ಆ ಕೊನೆಯಲ್ಲಿ ನೋಡುತ್ತಿರುವವರಿಗೆ ‘ಈ ಗುಪ್ತ ಖಾತೆಯೂ ಈ ಹೆಸರಿನ ವ್ಯಕ್ತಿಯೂ ಒಬ್ಬರೇ’ ಎಂದು ಊಹಿಸಲು ಅಷ್ಟು ಸಾಕು. ಟಾರ್ ಅವರ ಊರನ್ನು ಮರೆಮಾಡಿತ್ತು. ಅವರ ಎರಡು ಬದುಕುಗಳನ್ನು ಒಂದೇ ದಾರದಲ್ಲಿ ಪೋಣಿಸಿಯೂ ಬಿಟ್ಟಿತ್ತು.

ಬೇರೆ ಬೇರೆ ಸಾಕ್ಸ್‌ಪೋರ್ಟ್ ಸಾಲುಗಳಿಂದ ಬಂದ ಸಂಪರ್ಕಗಳನ್ನು ಟಾರ್ ಒಂದೇ ಸರ್ಕ್ಯೂಟಿಗೆ ಹಾಕುವುದಿಲ್ಲ. ನೀವೇ ಒಂದೇ ‘ಸೆಷನ್‌ಗ್ರೂಪ್’ ಸಂಖ್ಯೆ ಕೊಟ್ಟು ಸೇರಿಸಿದರೆ ಮಾತ್ರ ಸೇರುತ್ತವೆ. ಅವರ ಮೇಲ್‌ಗೆ 9050, ಚಾಟ್‌ಗೆ 9060 ಕೊಟ್ಟೆವು. ಆಮೇಲೆ ಎರಡೂ ಪೋರ್ಟಿನಿಂದ ತಪಾಸಣಾ ಪುಟ ತೆರೆದು ತೋರಿಸಿದೆ. ಎರಡು ಬೇರೆ ಬೇರೆ ಐಪಿ ವಿಳಾಸಗಳು ಬಂದವು. ಅಪರೂಪಕ್ಕೆ ಎರಡು ಸರ್ಕ್ಯೂಟುಗಳ ಕೊನೆಯ ರಿಲೇ ಒಂದೇ ಆಗುವುದುಂಟು, ಆಗ ವಿಳಾಸ ಒಂದೇ ಕಂಡರೂ ದಾರಿ ಬೇರೆಯೇ.

ಪೋರ್ಟ್ ಹೆಚ್ಚಿಸದೆಯೂ ಇದನ್ನು ಸಾಧಿಸಬಹುದು. ಹಿಂದಿನ ಪ್ರಶ್ನೆಯ ಹೆಸರು, ಪಾಸ್‌ವರ್ಡ್ ಕೆಲಸಕ್ಕೆ ಬರುವುದು ಇಲ್ಲೇ. ‘ಐಸೊಲೇಟ್‌ಸಾಕ್ಸ್‌ಆಥ್’ ಎಂಬ ಗುಣ ಮೊದಲಿನಿಂದಲೇ ಚಾಲೂ ಇರುತ್ತದೆ. ಬೇರೆ ಹೆಸರು ಕೊಟ್ಟವರಿಗೆ ಬೇರೆ ಸರ್ಕ್ಯೂಟ್ ಸಿಗುತ್ತದೆ. ಟಾರ್ ಬ್ರೌಸರ್ ಒಂದೊಂದು ತಾಣಕ್ಕೂ ಬೇರೆ ಸರ್ಕ್ಯೂಟ್ ಕೊಡುವುದು ಈ ಉಪಾಯದಿಂದಲೇ: ಬ್ರೌಸರಿನ ಮೇಲ್ಗಡೆಯ ವಿಳಾಸ ಪಟ್ಟಿಯಲ್ಲಿರುವ ತಾಣದ ಹೆಸರನ್ನೇ ಅದು ಸಾಕ್ಸ್ ಬಳಕೆದಾರನ ಹೆಸರಾಗಿ ಕಳುಹಿಸುತ್ತದೆ. ಬೇರೆ ಬೇರೆ ಕಂಪ್ಯೂಟರ್‌ಗಳಿಂದ ಬಂದವರನ್ನು ಬೇರ್ಪಡಿಸುವ ‘ಐಸೊಲೇಟ್‌ಕ್ಲೈಂಟ್‌ಅಡ್ರ್’ ಗುಣವೂ ಮೊದಲಿನಿಂದಲೇ ಇರುತ್ತದೆ.

ಹಾಗಿದ್ದರೆ ಎಲ್ಲ ಐಸೊಲೇಟ್ ಗುಣಗಳನ್ನೂ ಒಂದೇ ಸಾಲಿನಲ್ಲಿ ಹಾಕಿಬಿಟ್ಟರೆ ಒಳ್ಳೆಯದಲ್ಲವೇ?

ತಡೆಯಿರಿ. ‘ಐಸೊಲೇಟ್‌ಡೆಸ್ಟ್‌ಅಡ್ರ್’ ಹಾಕಿದರೆ ತಲುಪಬೇಕಾದ ಒಂದೊಂದು ವಿಳಾಸಕ್ಕೂ ಪ್ರತ್ಯೇಕ ಸರ್ಕ್ಯೂಟ್ ಬೇಕಾಗುತ್ತದೆ. ಸುದ್ದಿ ತಾಣದ ಒಂದು ಪುಟವೇ ಇಪ್ಪತ್ತು ಮೂವತ್ತು ಕಡೆಗಳಿಂದ ಚಿತ್ರ, ಜಾಹೀರಾತು ತರಿಸುತ್ತದೆ. ಅಷ್ಟೂ ಸರ್ಕ್ಯೂಟುಗಳನ್ನು ಕಟ್ಟುವವರೆಗೆ ನೀವು ಕಾಯಬೇಕು, ರಿಲೇಗಳು ದುಡಿಯಬೇಕು. ಒಂದೆರಡು ಕಡೆ ಮಾತ್ರ ಸಂಪರ್ಕಿಸುವ ಮೇಲ್ ಪ್ರೋಗ್ರಾಂನಂಥವಕ್ಕೆ ಇದು ಸರಿ. ಬ್ರೌಸರಿಗೆ ಬೇಡ.

## ಇನ್ನೂ ಮುಂದೆ ಹೋಗುವವರಿಗೆ

ಕಚೇರಿಯ ನೆಟ್‌ವರ್ಕಿನಲ್ಲಿ ಹೊರಗೆ ಹೋಗಲೇ ಪ್ರಾಕ್ಸಿ ಬೇಕು. ಅದನ್ನು ಸಾಕ್ಸ್‌ಪೋರ್ಟ್‌ನಲ್ಲಿ ಬರೆದೆ, ಕೆಲಸ ಮಾಡಲಿಲ್ಲ.

ಒಳಬಾಗಿಲು ಮತ್ತು ಹೊರಬಾಗಿಲು ಅದಲುಬದಲಾಗಿವೆ. ಸಾಕ್ಸ್‌ಪೋರ್ಟ್ ಎಂದರೆ ನಿಮ್ಮ ಪ್ರೋಗ್ರಾಂಗಳು ಟಾರ್‌ನೊಳಗೆ ಬರುವ ಬಾಗಿಲು. ಟಾರ್ ತಾನು ಹೊರಜಗತ್ತಿಗೆ ಹೋಗಲು ಬಳಸಬೇಕಾದ ಪ್ರಾಕ್ಸಿಯನ್ನು ‘ಎಚ್‌ಟಿಟಿಪಿಎಸ್‌ಪ್ರಾಕ್ಸಿ’ ಅಥವಾ ‘ಸಾಕ್ಸ್5ಪ್ರಾಕ್ಸಿ’ ಎಂಬ ಸಾಲಿನಲ್ಲಿ, ವಿಳಾಸ ಮತ್ತು ಪೋರ್ಟ್ ಸಹಿತ ಬರೆಯಬೇಕು. ಪ್ರಾಕ್ಸಿ ಇಲ್ಲದೆ ಕೆಲವೇ ಪೋರ್ಟ್‌ಗಳನ್ನು ಹೊರಗೆ ಬಿಡುವ ನೆಟ್‌ವರ್ಕ್ ಆದರೆ ‘ರೀಚಬಲ್‌ಅಡ್ರೆಸಸ್ *:443’ ಎಂದು ಬರೆದರೆ ಆ ಪೋರ್ಟಿನಲ್ಲಿ ಸಿಗುವ ರಿಲೇಗಳನ್ನು ಮಾತ್ರ ಟಾರ್ ಆರಿಸಿಕೊಳ್ಳುತ್ತದೆ. ಟಾರ್ ಅನ್ನೇ ತಡೆದಿದ್ದರೆ ತಡೆಯನ್ನು ದಾಟಿ ಟಾರ್ ಜಾಲ ಸೇರಲು ಸ್ನೋಫ್ಲೇಕ್, ಒಬಿಎಫ್‌ಎಸ್4 ಎಂಬ ಸೇತುವೆಗಳಿವೆ. ಆದರೆ ನೌಕರಿಯ ಜಾಗದಲ್ಲಿ ಅನುಮತಿಯಿಲ್ಲದೆ ಅವನ್ನು ಬಳಸಬೇಡಿ.

ಪ್ರಾಕ್ಸಿ ಸೆಟ್ಟಿಂಗೇ ಇಲ್ಲದ ಪ್ರೋಗ್ರಾಂ ಇದೆ. ಏನು ಮಾಡಲಿ?

ಲಿನಕ್ಸ್‌ನಲ್ಲಿ ‘ಟಾರ್‌ಸಾಕ್ಸ್’ ಎಂಬ ಪುಟ್ಟ ಸಾಧನವಿದೆ. ನಿಮ್ಮ ಆಜ್ಞೆಯ ಮುಂದೆ ಅದರ ಹೆಸರನ್ನು ಬರೆದರೆ ಸಾಕು, ಆ ಪ್ರೋಗ್ರಾಂನ ಸಂಪರ್ಕಗಳನ್ನು 9050ಕ್ಕೆ ತಿರುಗಿಸುತ್ತದೆ. ನೀವು ಪೋರ್ಟ್ ಬದಲಿಸಿದ್ದರೆ ಅದರ ಸೆಟ್ಟಿಂಗ್ ಫೈಲಿನಲ್ಲೂ ಬದಲಿಸಿ. ಎಲ್ಲ ಲೈಬ್ರರಿಗಳನ್ನೂ ತನ್ನೊಳಗೇ ಕಟ್ಟಿಕೊಂಡ ಪ್ರೋಗ್ರಾಂಗಳ ಮೇಲೆ ಇದು ಹಿಡಿತ ಸಾಧಿಸಲಾರದು.

ಇಡೀ ಕಂಪ್ಯೂಟರಿನ ಸಂಚಾರವನ್ನೇ ತಿರುಗಿಸುವ ‘ಟ್ರಾನ್ಸ್‌ಪೋರ್ಟ್’, ‘ಡಿಎನ್‌ಎಸ್‌ಪೋರ್ಟ್’ ಆಯ್ಕೆಗಳಿವೆ. ಅವುಗಳಿಗೆ ಫೈರ್‌ವಾಲ್ ನಿಯಮಗಳನ್ನು ಕೈಯಾರೆ ಬರೆಯಬೇಕು, ಒಂದು ಸಾಲು ತಪ್ಪಿದರೂ ಸೋರಿಕೆ. ಅದರ ಗೋಜಿಗೆ ಹೋಗುವ ಬದಲು ಎಲ್ಲವನ್ನೂ ಟಾರ್ ಮೂಲಕವೇ ಕಳುಹಿಸುವ ಟೇಲ್ಸ್‌ನಂಥ ಸಿದ್ಧ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಳಸುವುದು ಮೇಲು. ಮೊಬೈಲ್‌ನಲ್ಲಾದರೆ ಗಾರ್ಡಿಯನ್ ಪ್ರಾಜೆಕ್ಟಿನ ಆರ್ಬಾಟ್ ಇದೆ. ಯಾವ ಆ್ಯಪ್‌ಗಳು ಟಾರ್ ಮೂಲಕ ಹೋಗಬೇಕೆಂದು ಅದರಲ್ಲಿ ಆರಿಸಬಹುದು, ಪೋರ್ಟ್ ಸಂಖ್ಯೆಗಳನ್ನು ಮುಟ್ಟಬೇಕಾಗಿಲ್ಲ.

ಒಂದು ಪ್ರೋಗ್ರಾಂ ಆನಿಯನ್ ವಿಳಾಸಗಳಿಗೆ ಮಾತ್ರ ಹೋಗಬೇಕು, ಬೇರೆಲ್ಲೂ ಹೋಗಬಾರದು. ಸಾಧ್ಯವೇ?

ಸಾಧ್ಯ. ಆನಿಯನ್ ವಿಳಾಸ ಎಂದರೆ ಟಾರ್ ಜಾಲದೊಳಗೇ ಇರುವ ತಾಣದ ವಿಳಾಸ. ಸಾಕ್ಸ್‌ಪೋರ್ಟ್ ಸಾಲಿನ ಕೊನೆಗೆ ‘ಆನಿಯನ್‌ಟ್ರಾಫಿಕ್‌ಓನ್ಲಿ’ ಎಂದು ಸೇರಿಸಿ. ಆ ಬಾಗಿಲಿಗೆ ಬಂದು ಸಾದಾ ತಾಣ ಕೇಳಿದವರನ್ನು ಟಾರ್ ನಿರಾಕರಿಸುತ್ತದೆ. ಆನಿಯನ್ ಸೇವೆಗೆ ಹೋಗುವ ಸಂಚಾರ ಟಾರ್ ಜಾಲದಿಂದ ಹೊರಗೇ ಬರುವುದಿಲ್ಲ, ಹಾಗಾಗಿ ಕೊನೆಯ ರಿಲೇಯಲ್ಲಿ ಕುಳಿತು ಓದುವವರ ಭಯ ಇಲ್ಲಿಲ್ಲ. ಮಾಹಿತಿ ಸ್ವೀಕರಿಸುವ ಕೆಲಸಕ್ಕೆ ಒಂದು ಕಂಪ್ಯೂಟರನ್ನು ಮೀಸಲಿಟ್ಟವರಿಗೆ ನಾನು ಇದನ್ನೇ ಹಾಕಿಕೊಡುತ್ತೇನೆ.

ಇನ್ನೂ ಬಿಗಿ ಬೇಕೆನ್ನುವವರು ಸಂಖ್ಯೆಯ ಬದಲು ‘ಯುನಿಕ್ಸ್:’ ಎಂದು ಬರೆದು ಒಂದು ಫೈಲಿನ ದಾರಿ ಕೊಡಬಹುದು. ಆಗ ಬಾಗಿಲು ನೆಟ್‌ವರ್ಕಿನಲ್ಲಿ ಇರುವುದೇ ಇಲ್ಲ, ಫೈಲ್ ಆಗಿ ಡಿಸ್ಕಿನಲ್ಲಿರುತ್ತದೆ. ಯಾರು ತಟ್ಟಬಹುದು ಎಂಬುದನ್ನು ಫೈಲಿನ ಅನುಮತಿಗಳೇ ನಿರ್ಧರಿಸುತ್ತವೆ. ಒಂದು ಗುಂಪಿನ ಬಳಕೆದಾರರಿಗೆ ಮಾತ್ರ ಬಿಡಬೇಕಿದ್ದರೆ ‘ಗ್ರೂಪ್‌ರೈಟಬಲ್’ ಸೇರಿಸಿ. ಪ್ರೋಗ್ರಾಂ ಯುನಿಕ್ಸ್ ಸಾಕೆಟ್ ಎಂಬ ಈ ಬಗೆಯ ಬಾಗಿಲನ್ನು ಬಲ್ಲದಾಗಿರಬೇಕು ಎಂಬುದೊಂದೇ ಷರತ್ತು. ಆ ಪ್ರೋಗ್ರಾಂಗೆ ನೆಟ್‌ವರ್ಕಿನ ಅನುಮತಿಯನ್ನೇ ಪೂರ್ತಿ ಕಿತ್ತುಹಾಕಿ, ಆ ಫೈಲೊಂದನ್ನೇ ಬಿಟ್ಟರೆ, ಟಾರ್ ನಿಂತ ದಿನ ಅದು ಸುಮ್ಮನೆ ಕೂರುತ್ತದೆ, ಬೇರೆ ದಾರಿ ಹುಡುಕಲು ದಾರಿಯೇ ಇರುವುದಿಲ್ಲ.